ಶನಿವಾರದ ನಾಟಕ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಸಂಜೆ 5 ಗಂಟೆಗೆ ಶಾಲೆಯಲ್ಲಿ ಮಕ್ಕಳ ನಾಟಕ ಇದೆ. ಏಳು ಮತ್ತು ಎಂಟನೇ ತರಗತಿಯ 22 ಮಕ್ಕಳು ಆಡುತ್ತಾರೆ. ಅವರಲ್ಲಿ ಐವರಿಗೆ ಕಿವಿ ಕೇಳಿಸುವುದಿಲ್ಲ. ಮಾತು ತೀರಾ ಕಡಿಮೆ. ಕಥೆ ಸಾಗುವುದು ಸನ್ನೆ ಭಾಷೆಯಲ್ಲಿ ಮತ್ತು ಮೈಯಲ್ಲಿ.

ಹೋದ ವರ್ಷದ ವಾರ್ಷಿಕೋತ್ಸವ ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ. ಮಾತನ್ನು ಸನ್ನೆಗೆ ತಿರುಗಿಸಿ ಹೇಳುವವರನ್ನು ಕರೆಸಿ, ವೇದಿಕೆಯ ಮೂಲೆಯಲ್ಲಿ ನಿಲ್ಲಿಸಿದ್ದೆವು. ದೀಪ ಆರಿಸಿದ ಮೇಲೆ ಅವರ ಕೈಯೇ ಕಾಣಲಿಲ್ಲ. ಎಲ್ಲರೂ ನಗುವಾಗ ಆ ಐದು ಮಕ್ಕಳು ಪಕ್ಕದವರ ಮುಖ ನೋಡುತ್ತಾ ಕೂತಿದ್ದರು. ತಪ್ಪು ನಮ್ಮದೇ. ಈ ಸಲ ಸನ್ನೆ ನಟರ ಕೈಯಲ್ಲೇ ಇದೆ.

ಇಂಥ ನಾಟಕ ಬೇರೆ ಕಡೆ ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ಅಮೆರಿಕದಲ್ಲಿ ಕಿವಿ ಕೇಳದವರ ನಾಟಕ ತಂಡ ನ್ಯಾಷನಲ್ ಥಿಯೇಟರ್ ಆಫ್ ದಿ ಡೆಫ್ ಶುರುವಾಗಿದ್ದು 1967ರಲ್ಲಿ. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಡೆಫ್ ವೆಸ್ಟ್ ತಂಡದ ನಾಟಕಗಳಲ್ಲಿ ಒಂದೇ ಪಾತ್ರವನ್ನು ಇಬ್ಬರು ಸೇರಿ ಮಾಡುವುದುಂಟು. ಒಬ್ಬರದು ಸನ್ನೆ, ಇನ್ನೊಬ್ಬರದು ದನಿ. ನಮ್ಮ ನಾಟಕದ ಅಜ್ಜಿಯನ್ನೂ ಹಾಗೇ ಇಬ್ಬರು ಹುಡುಗಿಯರು ಮಾಡುತ್ತಾರೆ.

"ಪರೀಕ್ಷೆ ಹತ್ತಿರ ಬಂತು, ಕಿವಿ ಚೆನ್ನಾಗಿರುವ ನಮ್ಮ ಮಗುವಿಗೆ ಇದೆಲ್ಲ ಯಾಕೆ ಮೇಡಂ?" ಎಂದು ಕೆಲವರು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಸನ್ನೆ ಅಂದರೆ ಸುಮ್ನೆ ಕೈ ಆಡಿಸುವುದಲ್ಲ, ಅದಕ್ಕೂ ವ್ಯಾಕರಣ ಇದೆ. ಭಾರತೀಯ ಸನ್ನೆ ಭಾಷೆಯಲ್ಲಿ 'ಏನು', 'ಎಲ್ಲಿ', 'ಇಲ್ಲ' ಸಾಮಾನ್ಯವಾಗಿ ಕೊನೆಗೆ ಬರುತ್ತವೆ. 'ನಿನ್ನ ಹೆಸರು ಏನು', ನಮ್ಮ ಕನ್ನಡದ ಹಾಗೇ ಅಲ್ವಾ? ಹೌದೋ ಅಲ್ಲವೋ ಎಂದು ಕೇಳುವಾಗ ಹುಬ್ಬು ಮೇಲೇರಬೇಕು. ಮಕ್ಕಳು ಇದನ್ನೆಲ್ಲ ತಾವಾಗಿಯೇ ಗಮನಿಸಿದರು. 2021ರಲ್ಲಿ ಬಂದ 10,000 ಪದಗಳ ಸನ್ನೆ ನಿಘಂಟಿನ ವಿಡಿಯೋ ನೋಡಿ, ಬೇಕಾದ ಪದ ಹುಡುಕಿಕೊಂಡರು. ಒಂದು ಹೊಸ ಭಾಷೆ ಕಲಿತ ಮಗುವಿಗೆ ಹೊತ್ತು ಹಾಳಾಯಿತು ಎಂದು ನನಗೆ ಅನ್ನಿಸುವುದಿಲ್ಲ.

ಕೆರೆ ಏರಿ ಒಡೆಯುವ ದೃಶ್ಯವನ್ನು ಮಾತ್ರ ತಪ್ಪಿಸಬೇಡಿ. ಹನ್ನೆರಡು ಮಕ್ಕಳು ತೋಳಿಗೆ ತೋಳು ಹೆಣೆದು ಏರಿಯಾಗಿ ನಿಲ್ಲುತ್ತಾರೆ. ನೀರು ಒತ್ತಿದ ಹಾಗೆ ಸಾಲು ಬಾಗುತ್ತದೆ. ನಡುವೆ ಒಂದೇ ಒಂದು ತೋಳು ಜಾರುತ್ತದೆ. ಹಿಂದೆ ಡೊಳ್ಳು. ಅದರ ಪೆಟ್ಟು ವೇದಿಕೆಯ ಹಲಗೆಯ ಮೂಲಕ ಅಂಗಾಲಿಗೆ ಬರುತ್ತದೆ. ಮೊದಮೊದಲು ಕಿವಿ ಕೇಳುವ ಮಕ್ಕಳೇ ಹಿಂದೆ ಬೀಳುತ್ತಿದ್ದರು. ಒಂದು ದಿನ ಕಿವಿ ಕೇಳದ, ಎಂಟನೇ ತರಗತಿಯ ಒಬ್ಬ ಹುಡುಗಿ ಅವರ ಶೂ ಕಡೆ ಬೆರಳು ತೋರಿಸಿದಳು. ಎಲ್ಲರೂ ಶೂ ಬಿಚ್ಚಿಟ್ಟು ನಿಂತರು. ಅವತ್ತಿನಿಂದ ಎಲ್ಲರ ಹೆಜ್ಜೆ ಒಂದೇ.

ಮುಂದಿನ ಎರಡು ಸಾಲು ಕಿವಿ ಕೇಳದವರಿಗೆ ಮೀಸಲು. ದಯವಿಟ್ಟು ವಿಡಿಯೋ ಮಾಡಲು ಎದ್ದು ನಿಲ್ಲಬೇಡಿ, ಕೈ ಮರೆಯಾದರೆ ಹಿಂದಿನವರಿಗೆ ಮಾತೇ ನಿಂತುಹೋಗುತ್ತದೆ. ನಾಟಕ ಮುಗಿದಾಗ ಎರಡೂ ಕೈ ಮೇಲೆತ್ತಿ, ಅಂಗೈ ಅಲ್ಲಾಡಿಸಿ. ಸನ್ನೆ ಭಾಷೆಯಲ್ಲಿ ಚಪ್ಪಾಳೆ ಅಂದರೆ ಅದೇ. ಅಜ್ಜ, ಅಜ್ಜಿಯರನ್ನೂ ಕರೆತನ್ನಿ, 4.45ಕ್ಕೆ ಬಾಗಿಲು ತೆರೆದಿರುತ್ತದೆ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ