ಘಟ್ಟ ಇಳಿಯುವವನಿಗೆ ದೊಡ್ಡಪ್ಪನ ಕಾಗದ

ಕ್ಷೇಮ
ಕೊಟ್ಟಿಗೆಹಾರ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಮಳೆ ಹಿಡಿದು ಒಂಬತ್ತು ದಿನವಾಯಿತು, ಕರೆಂಟು ಹೋಗಿ ಎರಡು ದಿನ. ಫೋನಿನ ಟವರೂ ಸತ್ತಿದೆ. ಅದಕ್ಕೇ ಪೆನ್ನು ಹಿಡಿದೆ. ಕರೆಂಟು ಬಂದಾಗ ನಿನ್ನ ತಂಗಿ ಇದರ ಫೋಟೊ ತೆಗೆದು ಕಳಿಸುತ್ತಾಳೆ.

ಡೌನ್‌ಹಿಲ್‌ಗೆ, ಅಂದರೆ ಕಡಿದಾದ ಗುಡ್ಡದಿಂದ ಸೈಕಲ್ಲು ಇಳಿಸುವ ಆಟಕ್ಕೆ, ಒಂದು ಫ್ರೇಮಿಗೆ ಮೋಟಾರು ಕಿಟ್ಟು ಕೂರಿಸಿ ಇ-ಬೈಕು ಕಟ್ಟುತ್ತೇನೆ ಅಂತ ನೀನು ಕಳಿಸಿದ ಚಿತ್ರಗಳಿಗೆ ನಾನು "ಬೇಡ" ಅಂತ ಒಂದೇ ಮಾತು ಬರೆದದ್ದಕ್ಕೆ ಮುನಿಸಿಕೊಂಡಿದ್ದೀಯಂತೆ. ನಿನ್ನಮ್ಮ ಹೇಳಿದಳು. ತಪ್ಪು ನನ್ನದೇ. ಇಪ್ಪತ್ತೆರಡು ವರ್ಷ ಜರ್ಮನಿಯ ರಾಯ್ಟ್ಲಿಂಗನ್‌ನಲ್ಲಿ ಬ್ರೇಕುಗಳನ್ನು ಪರೀಕ್ಷೆಗಾಗಿ ಕಾಯಿಸಿ ಸುಡುವುದೇ ನನ್ನ ಸಂಬಳದ ಕೆಲಸವಾಗಿತ್ತು. ಹಾಗಿದ್ದವನು ಕಾರಣ ಹೇಳದೆ "ಬೇಡ" ಅನ್ನಬಾರದಿತ್ತು. ಈಗ ಹೇಳುತ್ತೇನೆ, ಓದು.

ಮೊದಲು ಒಂದು ಹಳೇ ಕಥೆ. ನಿನ್ನಪ್ಪ ಇದನ್ನು ನಿನಗೆ ಹೇಳಿರಲಾರ. ನಾನು ಪಿಯುಸಿ, ಅವನು ಎಂಟನೇ ಕ್ಲಾಸು. ಒಂದೇ ಸೈಕಲ್ಲು, ಅವನು ಕ್ಯಾರಿಯರ್ ಮೇಲೆ, ಚಾರ್ಮಾಡಿ ಘಟ್ಟ ಇಳಿದು ಉಜಿರೆಗೆ ಹೋಗುವ ಹುಚ್ಚು. ಆಗಿನ ಸೈಕಲ್ಲಿಗೆ ಸರಳು ಬ್ರೇಕು, ಉಕ್ಕಿನ ರಿಮ್ಮು. ಮೂರನೇ ತಿರುವಿನ ಹೊತ್ತಿಗೆ ಮಳೆ ಬಂತು. ಒದ್ದೆ ಉಕ್ಕಿನ ಮೇಲೆ ರಬ್ಬರು ಹಿಡಿಯಲಿಲ್ಲ. ನಾನು ಎರಡೂ ಲಿವರನ್ನು ಹಿಡಿಗೆ ತಾಗುವಷ್ಟು ಒತ್ತಿದೆ, ಸೈಕಲ್ಲು ನನ್ನನ್ನು ಕೇಳದೆ ಓಡಿತು. ಕೊನೆಗೆ ನಿನ್ನಪ್ಪ ಹವಾಯಿ ಚಪ್ಪಲಿಯ ಕಾಲನ್ನು ಹಿಂದಿನ ಟೈರಿಗೆ ಒತ್ತಿ ಹಿಡಿದ, ನಾನು ಗುಡ್ಡದ ಕಡೆಯ ಚರಂಡಿಗೆ ಹ್ಯಾಂಡಲ್ ತಿರುಗಿಸಿದೆ. ಚಪ್ಪಲಿಯ ಅರ್ಧ ಅಟ್ಟೆ ಸವೆದು ಹೋಗಿತ್ತು. ಮನೆಯಲ್ಲಿ ನಾಯಿ ಕಚ್ಚಿತು ಅಂದೆವು.

ಅವತ್ತು ಸೈಕಲ್ಲನ್ನು ಓಡಿಸಲು ನಮಗೆ ಯಾವ ಮೋಟಾರೂ ಬೇಕಾಗಿರಲಿಲ್ಲ ಅಲ್ಲವೇನೋ? ಘಟ್ಟವೇ ಓಡಿಸಿತು.

ನೀನು ಬರೆದದ್ದೆಲ್ಲ ಮೋಟಾರಿನ ಬಗ್ಗೆ, ಅದರ ತಿರುಗಿಸುವ ಬಲದ ಬಗ್ಗೆ. ಬಾಷ್‌ನ ಸಿಎಕ್ಸ್ 85 ನ್ಯೂಟನ್ ಮೀಟರು, ಡಿಜೆಐನ ಅವಿನಾಕ್ಸ್ 105, ಬಾಫಾಂಗ್ ಕಿಟ್ಟು 160, "ದೊಡ್ಡಪ್ಪ, ಬೆಲೆ ಮಾತ್ರ ಮೂರನೇ ಒಂದು ಪಾಲು!" ಅಂತ. ಯೂರೋಪಿನ ಕಾನೂನಿನಲ್ಲಿ ಇ-ಬೈಕಿನ ಮೋಟಾರು ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಸಹಾಯ ನಿಲ್ಲಿಸಬೇಕು. ಇಳಿಜಾರಿನಲ್ಲಿ ಬ್ರೇಕು ಬಿಟ್ಟ ನಾಲ್ಕೈದು ಸೆಕೆಂಡಿಗೆ ಆ ವೇಗ ದಾಟುತ್ತೀಯ. ಅಲ್ಲಿಂದ ಕೆಳಗಿನವರೆಗೆ 85 ಆದರೇನು, 160 ಆದರೇನು, ಅದು ಬರೀ ಹೊರೆ. ಹತ್ತುವಾಗ ಅದು ನಿನ್ನನ್ನು ಹೊರುತ್ತದೆ, ಇಳಿಯುವಾಗ ಅದನ್ನು ನೀನು ಹೊರುತ್ತೀಯ. ಡೌನ್‌ಹಿಲ್‌ಗೆ ಸೈಕಲ್ಲು ಆರಿಸುವವನು ಮೋಟಾರನ್ನು ಕೊನೆಗೆ ನೋಡಬೇಕು. ನೀನು ಅಲ್ಲಿಂದಲೇ ಶುರು ಮಾಡಿದ್ದೀಯ.

ಲೆಕ್ಕ ಬೇಕಾ? ನೀನು, ಹೆಲ್ಮೆಟ್ಟು, ಸೈಕಲ್ಲು ಎಲ್ಲ ಸೇರಿ 100 ಕಿಲೋ ಅನ್ನು. ನೀನು ಆಡಲು ಹೋಗುವ ಬಾಡ್ ವಿಲ್ಡ್‌ಬಾಡ್‌ನಲ್ಲಿ ಗುಡ್ಡದ ನೆತ್ತಿಯಿಂದ ಊರಿಗೆ ಸುಮಾರು 300 ಮೀಟರು ಇಳಿತ. ಅಷ್ಟು ಎತ್ತರದಿಂದ ಬಂದ ಶಕ್ತಿ 294 ಕಿಲೋಜೌಲ್, ಅಂದರೆ ಒಂದು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಕುದಿಸುವಷ್ಟು. ಗಾಳಿಗೂ ಟೈರಿಗೂ ಒಂದಿಷ್ಟು ಹೋಗುತ್ತದೆ. ಆದರೆ ಕಡಿದಾದ, ನಿಧಾನದ ದಾರಿಯಲ್ಲಿ ಹೆಚ್ಚಿನ ಪಾಲು ಎರಡು ತೆಳು ಉಕ್ಕಿನ ತಟ್ಟೆಗಳ, ಅಂದರೆ ಬ್ರೇಕಿನ ರೋಟರುಗಳ ಪಾಲಿಗೆ ಬರುತ್ತದೆ. ಕೆಳಗಿಳಿದ ಮೇಲೆ ರೋಟರಿಗೆ ಎಂಜಲು ಬೆರಳು ಮುಟ್ಟಿಸಿದರೆ ದೋಸೆ ಕಲ್ಲಿನಂತೆ ಚುಯ್ ಅನ್ನುತ್ತದೆ. ಮುಟ್ಟಬೇಡ, ನಾನು ಮುಟ್ಟಿ ಕಲಿತವನು.

ಆದ್ದರಿಂದ ನಾಲ್ಕು ಪಿಸ್ಟನ್ನಿನ ಬ್ರೇಕು ಎರಡೂ ಚಕ್ರಕ್ಕೆ. ಮುಂದೆ 220 ಮಿಲಿಮೀಟರಿನ ರೋಟರು, ಹಿಂದೆ 200ಕ್ಕೆ ಕಡಿಮೆ ಬೇಡ. ಮುಂದಿನ ಚಕ್ರ ಹಿಡಿಯುವ ಫೋರ್ಕೂ ಫ್ರೇಮೂ ಎಷ್ಟು ದೊಡ್ಡ ರೋಟರನ್ನು ಒಪ್ಪುತ್ತವೆ ಅಂತ ಮಾತ್ರ ಮೊದಲೇ ನೋಡಿಕೋ. ಮಾಗುರಾ ಎಂಟಿ7 ಆಗಬಹುದು, ನಾನಿದ್ದ ಊರಿನ ಹತ್ತಿರದ ಬಾಡ್ ಊರಾಖ್‌ನವರದು. ನೆರೆಯವರ ಮೇಲಿನ ಪಕ್ಷಪಾತ ಅನ್ನು ಬೇಕಾದರೆ. ಶಿಮಾನೊ ಸೇಂಟ್, ಸ್ರ್ಯಾಮ್ ಕೋಡ್ ಕೂಡ ಒಳ್ಳೆಯವೇ. ರೋಟರನ್ನು ಒತ್ತಿ ಹಿಡಿಯುವ ಪ್ಯಾಡು ಲೋಹದ್ದಿರಲಿ. ರಾಳದ್ದು ಮೊದಲ ಒತ್ತಿಗೆ ಮೃದುವಾಗಿ ಹಿಡಿಯುತ್ತದೆ, ಆದರೆ ಬಿಸಿಯಾದಂತೆ ಕೈಬಿಡುತ್ತದೆ, ಮಳೆಯಲ್ಲಿ ಸವೆದು ಮಣ್ಣಾಗುತ್ತದೆ. ಹೊಸ ಪ್ಯಾಡು ಹಾಕಿದ ದಿನವೇ ಗುಡ್ಡಕ್ಕೆ ಹೋಗಬೇಡ. ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಸಲ ವೇಗ ತೆಗೆದುಕೊಂಡು, ಗಟ್ಟಿ ಒತ್ತಿ, ಪೂರ್ತಿ ನಿಲ್ಲುವ ಮುಂಚೆ ಬಿಡು. ಪ್ಯಾಡಿನ ಪುಡಿ ರೋಟರಿಗೆ ಅಂಟಿ ಹದವಾದ ಮೇಲೇ ಬ್ರೇಕು ಬ್ರೇಕಾಗುವುದು. ಇಳಿಯುವಾಗ ಉದ್ದಕ್ಕೂ ಬೆರಳು ಒತ್ತಿಕೊಂಡೇ ಬರುವ ಅಭ್ಯಾಸ ನಿನಗಿದೆ, ವೀಡಿಯೋದಲ್ಲಿ ನೋಡಿದೆ. ತಿರುವಿಗೆ ಮೊದಲು ಜೋರಾಗಿ ಹಿಡಿ, ತಿರುವಿನಲ್ಲಿ ಬಿಡು. ರೋಟರಿಗೆ ಉಸಿರಾಡಲು ಬಿಡುವು ಬೇಕು.

ಬ್ರೇಕು ಕಾಯುವುದು ಈ ಆಟದ ಹುಟ್ಟಿನಿಂದಲೇ ಬಂದ ರೋಗ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ಸೈಕಲ್ಲುಗಳಲ್ಲಿ ಗುಡ್ಡದಿಂದ ಪಂದ್ಯ ಇಳಿಯಲು ಶುರು ಮಾಡಿದರು. ಅವುಗಳ ಹಿಂದಿನ ಚಕ್ರದ ನಡುವಿನ ಹಬ್‌ನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಇಳಿದ ಮೇಲೂ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ ರೀಪ್ಯಾಕ್, ಅಂದರೆ ಮತ್ತೆ ತುಂಬುವುದು, ಅಂತಲೇ ಹೆಸರು ಬಿತ್ತು.

ಈಗ ನಿನ್ನ ಕಿಟ್ಟಿನ ವಿಚಾರ. ಬಾಫಾಂಗ್ ಬಿಬಿಎಸ್‌ಎಚ್‌ಡಿ ಕೆಟ್ಟ ಮೋಟಾರಲ್ಲ. ಹಾಲಿನ ಕ್ಯಾನು ಹೊರುವ ಸೈಕಲ್ಲಿಗಾದರೆ ನಾನೇ ತಂದು ಹಾಕುತ್ತಿದ್ದೆ. ಆದರೆ ಅದು ಪೆಡಲಿನ ಅಚ್ಚಿನ ಕೆಳಗೆ ನೇತಾಡುತ್ತದೆ. ಬಂಡೆಯ ಮೆಟ್ಟಿಲಿನಲ್ಲಿ ಸಸ್ಪೆನ್ಷನ್ ಕುಸಿದಾಗ ನೆಲಕ್ಕೆ ಮೊದಲು ಬಡಿಯುವುದು ಅದೇ. ನೀನು ಆರಿಸಿದ ಫ್ರೇಮಿನ ಪೆಡಲಿನ ಅಚ್ಚಿನ ಗೂಡು 83 ಮಿಲಿಮೀಟರು, ಕಿಟ್ಟು ಬರುವುದು 68ರಿಂದ 73ಕ್ಕೆ, ಇಲ್ಲವೇ 100ಕ್ಕೆ, 120ಕ್ಕೆ. ತುಂಡು ಇಟ್ಟು ಹೊಂದಿಸಬಹುದು, ಹೊಂದಿಸಿದವರಿದ್ದಾರೆ. ಹಾಗೆ ಮಾಡಿದಾಗ ಸರಪಳಿ ಸೊಟ್ಟಗೆ ಓಡುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಬ್ಯಾಟರಿ ಎಲ್ಲಿಡುತ್ತೀ? ಡೌನ್‌ಹಿಲ್ ಫ್ರೇಮಿನ ತ್ರಿಕೋನದ ತುಂಬ ಹಿಂದಿನ ಚಕ್ರದ ಹೊಡೆತ ನುಂಗುವ ಶಾಕು ಕೂತಿರುತ್ತದೆ. "ಬೆನ್ನಿನ ಚೀಲದಲ್ಲಿ" ಅಂತ ಬರೆದಿದ್ದೀಯ. 48 ವೋಲ್ಟಿನ, ಮೂರು ನಾಲ್ಕು ಕಿಲೋ ತೂಗುವ ಲಿಥಿಯಂ ಪೊಟ್ಟಣವನ್ನು ಬೆನ್ನುಹುರಿಯ ಮೇಲೆ ಕಟ್ಟಿಕೊಂಡು, ಅದರಿಂದ ಸೈಕಲ್ಲಿಗೆ ತಂತಿ ಎಳೆದುಕೊಂಡು, ಬೀಳುವುದೇ ಪಾಠವಾಗಿರುವ ಆಟಕ್ಕೆ ಹೋಗುತ್ತೀಯಾ ಮಾರಾಯ?

ಕಾನೂನೂ ಇದೆ. ಜರ್ಮನಿಯಲ್ಲಿ 250 ವ್ಯಾಟಿನ ಮಿತಿ ದಾಟಿದರೆ ಅದು ಸೈಕಲ್ಲಲ್ಲ, ಮೋಟಾರು ವಾಹನ. ಕಾಡಿನ ದಾರಿಯಲ್ಲಿ ಯಾರಿಗಾದರೂ ಡಿಕ್ಕಿ ಹೊಡೆದರೆ ನಿನ್ನ ಇನ್ಶೂರೆನ್ಸ್‌ನವರು ಕೈ ತೊಳೆದುಕೊಳ್ಳುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿರುವವನು ನೀನು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹಿಂದಿನ ಚಕ್ರದೊಳಗಿನ ಹಬ್ ಮೋಟಾರು ಹಾಕಿದರೆ ಇಳಿಯುವಾಗ ಚಾರ್ಜಾಗುತ್ತದಲ್ಲ ಅಂತಲೂ ಕೇಳಿದ್ದೀಯ. ಕೆಲವು ಬಗೆಯವು ಆಗುತ್ತವೆ, ನಿಜ. ಪೆಡಲಿನ ಹತ್ತಿರ ಕೂರುವ ನಡುವಿನ ಮೋಟಾರಿನಲ್ಲಿ ಅದು ಆಗುವುದೇ ಇಲ್ಲ, ಪೆಡಲು ನಿಲ್ಲಿಸಿದ ಕೂಡಲೇ ಚಕ್ರ ತನ್ನಷ್ಟಕ್ಕೆ ತಿರುಗುತ್ತದೆ. ಆದರೆ ಹಿಂದಿನ ಚಕ್ರದಲ್ಲಿ ನಾಲ್ಕೈದು ಕಿಲೋ ಕಬ್ಬಿಣ ಸೇರಿದರೆ ಶಾಕಿಗೆ ಅದನ್ನು ಕಲ್ಲಿನಿಂದ ಕಲ್ಲಿಗೆ ಹಿಡಿದಿಡಲು ಆಗುವುದಿಲ್ಲ. ಟೈರು ನೆಲ ಬಿಟ್ಟು ಗಾಳಿಯಲ್ಲಿ ಕುಣಿಯುತ್ತದೆ, ಆಗ ಬ್ರೇಕು ಹಿಡಿದರೆ ಏನು ಬಂತು? ಬಿಡು ಆ ಮಾತು.

ಹಾಗಾದರೆ ಏನು ಕೊಳ್ಳಬೇಕು? ಅದಕ್ಕೂ ಮೊದಲು, ಮೋಟಾರು ಬೇಕೇ ಅಂತ ಯೋಚಿಸಿದ್ದೀಯಾ? ನೀನಿರುವ ಸ್ಟುಟ್‌ಗಾರ್ಟ್‌ನಲ್ಲಿ ಮರೀನ್‌ಪ್ಲಾಟ್ಸ್‌ನಿಂದ ಡೆಗರ್ಲೋಖ್‌ಗೆ ಹಲ್ಲುಗಾಲಿ ರೈಲು ಹತ್ತುತ್ತದೆ, ಆ ರೈಲು ಶುರುವಾದದ್ದು 1884ರಲ್ಲಿ. ಅದರ ಮುಂದೆ ಸೈಕಲ್ಲಿಗೆಂದೇ ಒಂದು ತೆರೆದ ಗಾಡಿ ಇದೆ. ಮೇಲೆ ಹೋಗಿ ಇಳಿದರೆ ವುಡ್‌ಪೆಕರ್ ಟ್ರೇಲ್ ಅನ್ನುವ ಸೈಕಲ್ಲಿನ ಇಳಿದಾರಿ ಹತ್ತಿರವೇ ಶುರು. ವಿಲ್ಡ್‌ಬಾಡ್‌ನಲ್ಲೂ ಗುಡ್ಡ ಹತ್ತಲು ಹಳಿಯ ಮೇಲಿನ ಹಗ್ಗದ ರೈಲಿದೆ. ನೀನು ಆಡುವುದು ಈ ಎರಡೇ ಜಾಗದಲ್ಲಾದರೆ ಮೋಟಾರಿಲ್ಲದ, ಹದಿನಾರು ಕಿಲೋದ, 200 ಮಿಲಿಮೀಟರು ಕುಸಿಯುವ ಫೋರ್ಕಿನ ಹಳೇ ಡೌನ್‌ಹಿಲ್ ಸೈಕಲ್ಲು ಸಾಕು. ನಿನ್ನ ಬಳಿ ಇರುವ ದುಡ್ಡಿನಲ್ಲಿ ಅರ್ಧ ಉಳಿಯುತ್ತದೆ. ಮೂರನೇ ಮಹಡಿಗೆ ಲಿಫ್ಟಿಲ್ಲ ಅಂತ ನೀನೇ ಹೇಳಿದ್ದೆ. ಮೋಟಾರಿನ ಸೈಕಲ್ಲಿನ 24 ಕಿಲೋ ಹೊತ್ತು ದಿನಾ ಹತ್ತುವುದನ್ನೂ ನೆನೆಸಿಕೋ.

ಆದರೆ ಆಲ್ಬ್ ಬೆಟ್ಟಗಳ ಕಡೆ ಹೋಗುತ್ತೇನೆ, ಸಂಜೆ ಎರಡು ಗಂಟೆಯಲ್ಲಿ ನಾಲ್ಕು ಸಲ ಹತ್ತಿ ಇಳಿಯಬೇಕು ಅನ್ನುವುದಾದರೆ ಮೋಟಾರಿಗೆ ಅರ್ಥವಿದೆ. ಅಲ್ಲಿ ಎರಡು ಮೀಟರಿನ ನಿಯಮ ಮರೆಯಬೇಡ. ನೀನಿರುವ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದ ಕಾಡಿನಲ್ಲಿ ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಸೈಕಲ್ಲು ಓಡಿಸುವ ಹಾಗಿಲ್ಲ, ಪರವಾನಗಿ ಕೊಟ್ಟ ಟ್ರೇಲುಗಳನ್ನು ಬಿಟ್ಟು. ನಾನಿದ್ದಾಗ ಕೋಲು ಹಿಡಿದು ನಡೆಯುವ ಮುದುಕರು ಇದನ್ನು ನನಗೆ ಕಂಠಪಾಠ ಮಾಡಿಸಿದ್ದರು. ಈಗ ಆ ವಯಸ್ಸಿಗೆ ನಾನೇ ಬಂದಿದ್ದೇನೆ, ಅವರ ಸಿಟ್ಟು ಅರ್ಥವಾಗುತ್ತದೆ.

ಮೋಟಾರಿನದೇ ಆಗಲಿ ಅಂದರೆ, ಕಟ್ಟಬೇಡ, ಕಾರ್ಖಾನೆಯಲ್ಲಿ ಕಟ್ಟಿದ್ದನ್ನೇ ಸೆಕೆಂಡ್‌ಹ್ಯಾಂಡ್ ತಗೋ. ಮುಂದೆ 170ರಿಂದ 180 ಮಿಲಿಮೀಟರು ಕುಸಿಯುವ ಫೋರ್ಕು, ರಾಕ್‌ಶಾಕ್ಸ್ ಜೆಬ್ ಅಥವಾ ಫಾಕ್ಸ್ 38, ಎರಡರ ಕಾಲೂ 38 ಮಿಲಿಮೀಟರು ದಪ್ಪ. ಅದಕ್ಕಿಂತ ತೆಳು ಕಾಲಿನದು ಇಷ್ಟು ಭಾರದ ಸೈಕಲ್ಲಿನಲ್ಲಿ ಬ್ರೇಕು ಹಿಡಿದಾಗ ಹಿಂದಕ್ಕೆ ಬಾಗುವುದು ಕೈಗೇ ಗೊತ್ತಾಗುತ್ತದೆ. ಫ್ರೇಮಿನ ಮೇಲೆ ಅಥವಾ ಕೈಪಿಡಿಯಲ್ಲಿ ಬಳಕೆಯ ವರ್ಗದ ಅಂಕಿ ಇರುತ್ತದೆ. 5 ಅಂತಿದ್ದರೆ ಬೈಕ್ ಪಾರ್ಕಿಗೂ ಡೌನ್‌ಹಿಲ್‌ಗೂ ಕಟ್ಟಿದ್ದು. 4 ಅಂತಿದ್ದರೆ ಮಾರುವವನು ಏನೇ ಹೇಳಲಿ, ದೊಡ್ಡ ಹಾರುವಿಕೆಗೆ ಅಲ್ಲ. ಮುಂದೆ 29, ಹಿಂದೆ 27.5 ಇಂಚಿನ ಚಕ್ರ ಇದ್ದರೆ ನಿನ್ನ ಎತ್ತರಕ್ಕೆ ಒಳ್ಳೆಯದು, ಕಡಿದಾದಲ್ಲಿ ಹಿಂದಕ್ಕೆ ಸರಿದಾಗ ಟೈರು ಕುಂಡೆಗೆ ತಾಗುವುದಿಲ್ಲ.

ಮೋಟಾರು ಬಾಷ್ ಆದರೆ ಅವರ ಹೊಸ ಪೀಳಿಗೆಯ ಸ್ಮಾರ್ಟ್ ಸಿಸ್ಟಂ ಹೌದೋ ಅಲ್ಲವೋ ಕೇಳು. ಅದರ ಬ್ಯಾಟರಿ ಹಳೇ ಪೀಳಿಗೆಗೆ ಕೂರುವುದಿಲ್ಲ, ಹಳೆಯದು ಇದಕ್ಕೂ ಕೂರುವುದಿಲ್ಲ. ನಾಲ್ಕನೇ ತಲೆಮಾರಿನ ಸಿಎಕ್ಸ್ ಮೋಟಾರು ಪೆಡಲು ನಿಲ್ಲಿಸಿ ಇಳಿಯುವಾಗ ಕಟಕಟ ಅನ್ನುತ್ತದೆ, ಒಳಗಿನ ಗೇರಿನ ಸಡಿಲದಿಂದ. ಅದು ಕೇಳಿ ಹೆದರಬೇಡ, ಬೆಲೆ ಇಳಿಸಲು ಮಾತ್ರ ಬಳಸಿಕೋ. ಬ್ಯಾಟರಿಯನ್ನು ಅಂಗಡಿಯಲ್ಲಿ ಪರೀಕ್ಷೆಗೆ ಹಚ್ಚಿಸಿ, ಎಷ್ಟು ಕೆಪಾಸಿಟಿ ಉಳಿದಿದೆ ಅನ್ನುವ ಕಾಗದ ತೋರಿಸದಿದ್ದರೆ ಎದ್ದು ಬಾ. 600 ವ್ಯಾಟ್-ಅವರ್ ಧಾರಾಳವಾಯಿತು. ಮೇಲಿನ ಲೆಕ್ಕದ 300 ಮೀಟರು ಹತ್ತಲು ನಷ್ಟವೆಲ್ಲ ಹಿಡಿದರೂ 110 ವ್ಯಾಟ್-ಅವರ್ ಸಾಕು, ಅದೂ ನೀನು ಕಾಲೇ ಅಲ್ಲಾಡಿಸದಿದ್ದರೆ.

ಕೊಂಡ ಮೇಲೆ ಕೈಯಲ್ಲಿ ಆರು ನೂರು ಯೂರೋ ಆದರೂ ಉಳಿದಿರಬೇಕು. ಬರುವ ಟೈರು ಬಹುಶಃ ತೆಳು ಗೋಡೆಯದು, ಹಿಂದಕ್ಕೆ ಡೌನ್‌ಹಿಲ್ ಗೋಡೆಯದೇ ಹಾಕು, ಟ್ಯೂಬ್‌ಲೆಸ್ ಮಾಡಿಸು. ಗಾಳಿ ಮುಂದೆ 1.6 ಬಾರ್, ಹಿಂದೆ 1.8ರಿಂದ ಶುರು ಮಾಡಿ ಒಂದೊಂದು ಗೆರೆ ಹೆಚ್ಚು ಕಡಿಮೆ ನೋಡು. ಬಟ್ಟೆ ಬರೆ ಎಲ್ಲ ಹಾಕಿಕೊಂಡು ಸೈಕಲ್ಲಿನ ಮೇಲೆ ಕೂತಾಗ ಶಾಕು ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಕುಸಿಯಬೇಕು. ಮುಖ ಮುಚ್ಚುವ ಹೆಲ್ಮೆಟ್ಟಿನೊಳಗೆ ಎಎಸ್‌ಟಿಎಂ ಎಫ್1952 ಅಂತ ಅಚ್ಚು ಇದೆಯಾ ನೋಡು, ಅದು ಡೌನ್‌ಹಿಲ್‌ಗೆಂದೇ ಮಾಡಿದ ಪರೀಕ್ಷೆ. ಹೆಲ್ಮೆಟ್ಟು ಮಾತ್ರ ಸೆಕೆಂಡ್‌ಹ್ಯಾಂಡ್ ಬೇಡ, ದುಡ್ಡು ಸಾಲದಿದ್ದರೆ ನನಗೆ ಹೇಳು.

ರಜೆಗೆ ಊರಿಗೆ ತಂದು ಘಟ್ಟದಲ್ಲಿ ಓಡಿಸುತ್ತೇನೆ ಅಂದಿದ್ದೀಯ. ಸೈಕಲ್ಲು ಬಂದೀತು, ಬ್ಯಾಟರಿ ಬರುವುದಿಲ್ಲ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್ ಮೀರಿದ ಇಂಥ ಬ್ಯಾಟರಿ ಒಯ್ಯಲು ಬಿಡುವುದಿಲ್ಲ. ಇಲ್ಲಿ ನನ್ನ ಹಳೇ ಸೈಕಲ್ಲು ಅಟ್ಟದ ಮೇಲೆ ಹಾಗೇ ಇದೆ, ಬ್ರೇಕಿಗೆ ಹೊಸ ರಬ್ಬರು ಹಾಕಿಸಿಡುತ್ತೇನೆ.

ದುಡ್ಡು ಕೊಡುವ ಮುಂಚೆ ಮೂರು ಫೋಟೊ ಕಳಿಸು: ಆ ವರ್ಗದ ಅಂಕಿ, ಬ್ಯಾಟರಿಯ ಕಾಗದ, ರೋಟರಿನ ಅಂಚು. ಈ ಸಲ ಒಂದೇ ಪದದ ಉತ್ತರ ಬರೆಯುವುದಿಲ್ಲ. ಚಪ್ಪಲಿಯ ಕಥೆ ನಾನು ಹೇಳಿದೆ ಅಂತ ನಿನ್ನಪ್ಪನಿಗೆ ತಿಳಿಸಬೇಡ. ಅವನು ಇವತ್ತಿಗೂ ನಾಯಿ ಕಚ್ಚಿದ್ದು ಅಂತಲೇ ಹೇಳಿಕೊಂಡು ತಿರುಗುತ್ತಾನೆ.

ಇಂತಿ ನಿನ್ನ
ದೊಡ್ಡಪ್ಪ