ಎಲ್ಲದಕ್ಕೂ ‘ವಿತಂಡವಾದ’ ಅನ್ನಬೇಡಿ

ಗುಂಪಿನ ಎಲ್ಲರಿಗೂ ನಮಸ್ಕಾರ.

2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು (ಎರಡು ಹಂತದಲ್ಲಿ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು) ಬಂದಾಗಿನಿಂದ ನಮ್ಮ ಕೋಲಾರದಲ್ಲಿ ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ನಿಂತಿಲ್ಲ. ನಿಲ್ಲುವುದೂ ಬೇಡ. ಆದರೆ ಈಚೆಗೆ ಒಪ್ಪದ ಮಾತಿಗೆಲ್ಲ ‘ವಿತಂಡವಾದ’ ಅಂತ ಹಣೆಪಟ್ಟಿ ಬೀಳುತ್ತಿದೆ. ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ ಅಂತ ಕೇಳುವುದು ವಿತಂಡವಾದ ಅಲ್ಲ, ನ್ಯಾಯವಾದ ಪ್ರಶ್ನೆ.

ತರ್ಕಶಾಸ್ತ್ರದ ಹಳೇ ಗ್ರಂಥವಾದ ಗೌತಮ ಮುನಿಯ ನ್ಯಾಯಸೂತ್ರದ ಪ್ರಕಾರ ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲೇಬೇಕು ಅಂತ ಮಾಡುವುದು ಜಲ್ಪ. ತನ್ನದೇನೂ ಹೇಳದೆ ಎದುರಿನವರದನ್ನು ಸುಮ್ನೆ ಕೆಡವುತ್ತಾ ಹೋಗುವುದು ವಿತಂಡ. ನಮ್ಮಲ್ಲಿ ಜಾಸ್ತಿ ನಡೆಯುವುದು ಜಲ್ಪ ಬಿಡಿ!

ಕುತರ್ಕ, ಅಂದರೆ ತಪ್ಪು ತರ್ಕ, ಬೇರೆ. ‘ಕೆರೆ ತುಂಬಿದ ವರ್ಷವೇ ಟೊಮೆಟೊಗೆ ರೋಗ ಬಂತು, ಹಾಗಾಗಿ ನೀರೇ ಕಾರಣ.’ ಇರಬಹುದು, ಇಲ್ಲದೆಯೂ ಇರಬಹುದು. ಜೊತೆಗೆ ಬಂದದ್ದೆಲ್ಲ ಕಾರಣ ಆಗಲ್ಲ, ಅಲ್ವಾ? ‘ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ, ಹಾಗಾಗಿ ನೀರು ಶುದ್ಧ’ ಅನ್ನುವುದೂ ಅದೇ ಜಾತಿ. ಕಾರಣದಂತೆ ಕಂಡರೂ ಕಾರಣವಲ್ಲದ್ದಕ್ಕೆ ಶಾಸ್ತ್ರದವರು ಹೇತ್ವಾಭಾಸ ಅಂದರು.

ಮಾತು ತಿರುಚುವುದಕ್ಕೆ ಅಲ್ಲಿ ‘ಛಲ’ ಅನ್ನುತ್ತಾರೆ. ನಾವು ಹೇಳುವ ಹಟದ ಛಲ ಅಲ್ಲ. ಹಳೇ ಉದಾಹರಣೆ ಮಜವಾಗಿದೆ: ಒಬ್ಬ ‘ಇವನದು ನವ ಕಂಬಳಿ’ ಅಂದ, ಹೊಸದು ಅನ್ನುವ ಅರ್ಥದಲ್ಲಿ. ಇನ್ನೊಬ್ಬ ‘ಒಂಬತ್ತೆಲ್ಲಿ? ಒಂದೇ ಇದೆಯಲ್ಲ!’ ಅಂತ ಹಿಡಿದುಕೊಂಡ. ಈ ಕಂಬಳಿ ವ್ಯಾಪಾರ ನಮ್ಮ ಗುಂಪಿನಲ್ಲೂ ಬೇಕಾದಷ್ಟಿದೆ.

ಇನ್ನು ಮೇಲೆ ಕುತರ್ಕ ಅನ್ನುವವರು ಯಾವ ಮಾತು, ಎಲ್ಲಿ ತಪ್ಪಿದೆ ಅಂತಲೂ ಬರೆಯಿರಿ. ಬರೀ ಪದ ಎಸೆದು ಹೋದರೆ ಮೆಸೇಜ್ ಡಿಲೀಟ್ ಆಗುತ್ತದೆ. ನೀರಿನ ಪರೀಕ್ಷಾ ವರದಿ ಇದ್ದವರು ದಿನಾಂಕ ಕಾಣುವಂತೆ ಫೋಟೊ ಹಾಕಿ.

– ಅಡ್ಮಿನ್