ಮಾಲ್ಟಾದ ರಜೆಗಳು ಮತ್ತು ಅರ್ಧ ದಿನದ ವಿಜಯಪುರ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯ ಪ್ರವಾಸಗಳ ಬಗ್ಗೆ ತಮ್ಮ ವಾಚಕರ ಅಂಕಣದಲ್ಲಿ ನಡೆದಿರುವ ಚರ್ಚೆಯನ್ನು ಗಮನಿಸುತ್ತ ಬಂದಿದ್ದೇನೆ. ಮಕ್ಕಳನ್ನು ವಿದೇಶಕ್ಕೆ ಕರೆದೊಯ್ಯುವುದು ದುಡ್ಡಿನ ದರ್ಪವೆಂದು ಕೆಲವರು ಬರೆದರೆ, ನಮ್ಮ ಬಿಸಿಲ ನಾಡಿನಲ್ಲಿ ಮಕ್ಕಳಿಗೆ ತೋರಿಸಲು ಏನಿದೆ ಎಂದು ಇನ್ನು ಕೆಲವರು ಕೇಳಿದ್ದಾರೆ. ಈ ಎರಡೂ ಮಾತುಗಳನ್ನು ನಾನು ಒಪ್ಪಲಾರೆ. ನನ್ನ ಮಗಳು ಮಾಲ್ಟಾ ದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಹೀಗಾಗಿ ನಮ್ಮ ಮನೆಯ ಎಷ್ಟೋ ರಜೆಗಳು, ಇಲ್ಲಿರುವ ಮಗನ ಮಕ್ಕಳನ್ನೂ ಕೂಡಿಸಿಕೊಂಡು, ಮೆಡಿಟರೇನಿಯನ್ ಸಮುದ್ರದ ನಡುವಿನ ಆ ದ್ವೀಪದಲ್ಲಿ ಕಳೆದಿವೆ. ಅಲ್ಲಿ ಕಂಡದ್ದನ್ನು ವಿಜಯಪುರದವನ ಕಣ್ಣಿನಿಂದ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮಾಲ್ಟಾ, ಗೋಜೋ, ಕೊಮಿನೊ ಎಂಬ ದ್ವೀಪಗಳೆಲ್ಲ ಸೇರಿದರೂ ಆ ದೇಶದ ವಿಸ್ತೀರ್ಣ ಕೇವಲ 316 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯೊಂದೇ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ಅಲ್ಲಿಲ್ಲ, ಕಾಡೆಂಬುದು ಹೆಸರಿಗಷ್ಟೇ. ಹೊಲಗಳ ಸುತ್ತ ಗಾರೆಯಿಲ್ಲದೆ ಒಟ್ಟಿದ ಕಲ್ಲಿನ ಗೋಡೆಗಳು, ಅವುಗಳ ಮಗ್ಗುಲಲ್ಲಿ ಪಾಪಸುಕಳ್ಳಿಯ ಮೆಳೆಗಳು. ಸಮುದ್ರವೊಂದನ್ನು ಬಿಟ್ಟರೆ ಒಣ ಬೇಸಾಯದ ಸೀಮೆಯಿಂದ ಹೋದವರಿಗೆ ಅಲ್ಲಿ ಯಾವುದೂ ಅಪರಿಚಿತವೆನಿಸುವುದಿಲ್ಲ. ಇಂದು ಕುಡಿಯುವ ನೀರಿನ ದೊಡ್ಡ ಪಾಲನ್ನು ಅವರು ಸಮುದ್ರದ ನೀರಿನಿಂದ ಉಪ್ಪು ತೆಗೆದು ಪಡೆಯುತ್ತಾರೆ. ಹಿಂದಿನ ಕಾಲದಲ್ಲಿ ರಾಜಧಾನಿ ವಲ್ಲೆಟ್ಟಾದ ಪ್ರತಿ ಮನೆಯೂ ಮಳೆನೀರಿಗಾಗಿ ನೆಲದಡಿ ತೊಟ್ಟಿಯನ್ನು ಹೊಂದಿರಬೇಕೆಂಬ ನಿಯಮವಿತ್ತು, ಗುಡ್ಡದ ಸೆಲೆಗಳ ನೀರನ್ನು ಊರಿಗೆ ತರುವ ಕಮಾನುಗಳ ಕಾಲುವೆ 1615ರಲ್ಲಿ ಮುಗಿದಿತ್ತು. ತೊರವಿಯಿಂದಲೂ ಬೇಗಂ ತಾಲಾಬಿನಿಂದಲೂ ನೆಲದಡಿಯಲ್ಲಿ ನೀರು ತಂದು, ನಡುನಡುವೆ ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿ ಒತ್ತಡ ಹದಗೊಳಿಸಿದ ಆದಿಲಶಾಹಿ ಊರಿನವರು ನಾವು. ಮಾಲ್ಟಾದ ಆ ಕಮಾನುಗಳ ಕೆಳಗೆ ನಿಂತು ನಾನು ಹೆಮ್ಮೆಯಿಂದ ಇದನ್ನೆಲ್ಲ ವಿವರಿಸುತ್ತಿದ್ದರೆ ಮೊಮ್ಮಕ್ಕಳು ಐಸ್‌ಕ್ರೀಮಿನ ಗಾಡಿಯತ್ತ ನೋಡುತ್ತಿದ್ದರು.

ಇತಿಹಾಸದ ವಿಷಯದಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲಾರೆ. 1565ರ ಜನವರಿಯಲ್ಲಿ ನಮ್ಮ ತಾಳಿಕೋಟೆಯ ಹೆಸರಿನ ಯುದ್ಧ ನಡೆಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಒಟ್ಟೋಮನ್ ಸೈನ್ಯ ಮಾಲ್ಟಾಕ್ಕೆ ಮುತ್ತಿಗೆ ಹಾಕಿ, ಸೆಪ್ಟೆಂಬರಿನಲ್ಲಿ ಸೋತು ಹಿಂದೆ ಸರಿಯಿತು. ಗೆದ್ದ ನಮ್ಮ ಸುಲ್ತಾನ ಅಲಿ ಆದಿಲಶಾಹ ಇಲ್ಲಿ ಜುಮ್ಮಾ ಮಸೀದಿಗೆ ಕೈಹಾಕಿದರೆ, ಅಲ್ಲಿ ಮುತ್ತಿಗೆಯನ್ನು ತಡೆದ ಸಂತ ಜಾನರ ಪಂಥದ ಯೋಧರು 1566ರಲ್ಲಿ ತಮ್ಮ ನಾಯಕ ಲಾ ವಲ್ಲೆಟ್‌ನ ಹೆಸರಿನ ಹೊಸ ನಗರಕ್ಕೆ ಅಡಿಗಲ್ಲು ಇಟ್ಟರು. ಒಂದೇ ಕಾಲದಲ್ಲಿ, ಯುದ್ಧದ ಬೆನ್ನಿಗೇ ಬೆಳೆದ ಎರಡು ಕೋಟೆಯ ಊರುಗಳು ಇವು.

ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವರಿಗೆ ಅಲ್ಲಿನ ಮೋಸ್ತಾ ಊರಿನ ಚರ್ಚು ಇನ್ನೂ ಹತ್ತಿರವೆನಿಸುತ್ತದೆ. 1833ರಿಂದ 1860ರವರೆಗೆ, ಊರಿನವರೇ ಬಿಡುವಿನ ದಿನಗಳಲ್ಲಿ ಬಂದು ಕೆಲಸ ಮಾಡಿ ಕಟ್ಟಿಕೊಂಡ ಆ ಚರ್ಚಿನ ಗುಮ್ಮಟದ ಒಳವ್ಯಾಸ ಸುಮಾರು 37 ಮೀಟರ್. 1656ರ ನಮ್ಮ ಗುಮ್ಮಟದ ಒಳವ್ಯಾಸ 38 ಮೀಟರಿನ ಆಸುಪಾಸು. 1942ರ ಏಪ್ರಿಲ್ 9ರಂದು, ಎರಡನೆಯ ಮಹಾಯುದ್ಧದ ಬಾಂಬೊಂದು ಆ ಗುಮ್ಮಟವನ್ನು ತೂರಿ, ಪ್ರಾರ್ಥನೆಗೆ ಕಾದಿದ್ದ ಇನ್ನೂರೈವತ್ತಕ್ಕೂ ಹೆಚ್ಚು ಜನರ ನಡುವೆ ಬಿದ್ದರೂ ಸಿಡಿಯಲಿಲ್ಲ. ಅಂಥದೇ ಬಾಂಬಿನ ಪ್ರತಿಕೃತಿಯನ್ನು ಅಲ್ಲಿ ಇರಿಸಿದ್ದಾರೆ. ಮೊಮ್ಮಗ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಗುಮ್ಮಟದ ಕೆಳಗೆ ಬಂದು, ಏಳು ಸಲ ಮರುಧ್ವನಿ ಬರುತ್ತದೋ ಎಂದು ಪರೀಕ್ಷಿಸಲು ಬಾಯಿ ತೆರೆಯುವಷ್ಟರಲ್ಲಿ ಅವನ ಅಜ್ಜಿ ಕೈ ಹಿಡಿದು ಹೊರಗೆ ಕರೆತಂದಳು.

ಆದರೆ ಇಷ್ಟು ವರ್ಷಗಳ ಮೇಲೆ ಮನೆಯವರು ಕುಳಿತು ಆ ರಜೆಗಳನ್ನು ನೆನೆಯುವಾಗ ಕೋಟೆ, ಚರ್ಚುಗಳ ಮಾತು ಬರುವುದು ಕಡಿಮೆ. ಪಿರಮಿಡ್ಡುಗಳಿಗಿಂತ ಹಳೆಯವಾದ ಗೋಜೋದ ಜಿಗಾಂತಿಯಾ ಕಲ್ಲುಗುಡಿಗಳ ಮಾತನ್ನೂ ನಾನೊಬ್ಬನೇ ಎತ್ತುತ್ತೇನೆ. ಉಳಿದವರ ಬಾಯಲ್ಲಿ ಬರುವುದು ಗೋಜೋಕ್ಕೆ ಹೋಗುವ ಹಡಗು. ಚಿರ್ಕೆವ್ವಾ ಬಂದರಿನಿಂದ ಇಪ್ಪತ್ತೈದು ನಿಮಿಷದ ದಾರಿ, ಹೋಗುವಾಗ ಟಿಕೆಟ್ ಕೇಳುವವರಿಲ್ಲ, ಹಿಂತಿರುಗುವಾಗ ಕೊಟ್ಟರಾಯಿತು. ಹಿಂತಿರುಗದೆ ಅಲ್ಲೇ ಉಳಿದರೆ ಪುಕ್ಕಟೆಯಾಯಿತಲ್ಲ ಎಂಬ ಲೆಕ್ಕಾಚಾರದಲ್ಲಿ ಮಕ್ಕಳು ದಾರಿಯುದ್ದಕ್ಕೂ ಮುಳುಗಿರುತ್ತಿದ್ದರು. ಗೋಜೋದ ಉತ್ತರ ದಂಡೆಯಲ್ಲಿ ಸಮುದ್ರದ ಬಂಡೆಯನ್ನೇ ಚೌಕ ಚೌಕವಾಗಿ ಕೊರೆದು ಮಾಡಿದ ಉಪ್ಪಿನ ಮಡಿಗಳಿವೆ. ನೀರು ತುಂಬಿ ಬಿಸಿಲಿಗೆ ಬಿಟ್ಟು, ಉಪ್ಪು ಕಟ್ಟಿದ ಮೇಲೆ ಬಾರಿಗೆಯಿಂದ ಗುಡಿಸಿ ಗುಪ್ಪೆ ಹಾಕುತ್ತಾರೆ. ಅದನ್ನು ನೋಡಲು ಯಾರೂ ದುಡ್ಡು ಕೇಳಲಿಲ್ಲ. ಉಪ್ಪು ಗುಡಿಸುತ್ತಿದ್ದ ಮುದುಕರೊಬ್ಬರು ಒಂದು ಚಿಟಿಕೆಯನ್ನು ಮಗುವಿನ ಅಂಗೈಗೆ ಹಾಕಿ ತಮ್ಮ ಕೆಲಸಕ್ಕೆ ಹೋದರು.

ಇನ್ನು ರೊಟ್ಟಿಯ ಸಂಗತಿ. ನಾವು ಉಳಿಯುತ್ತಿದ್ದ ಮನೆಯ ಓಣಿಯ ತುದಿಯಲ್ಲೊಂದು ಸಣ್ಣ ಅಂಗಡಿ ಇತ್ತು. ಅಲ್ಲಿಯ ಹೆಣ್ಣುಮಗಳು ಗಟ್ಟಿ ಸಿಪ್ಪೆಯ ರೊಟ್ಟಿಯನ್ನು ಅಡ್ಡಲಾಗಿ ಸೀಳಿ, ಅರ್ಧ ಕೊಯ್ದ ಟೊಮೆಟೊವನ್ನು ಅದರ ಮೈಗೆ ತಿಕ್ಕಿ ತಿಕ್ಕಿ, ಕೊನೆಗೆ ಕೈಯಲ್ಲಿ ಬರೀ ಸಿಪ್ಪೆ ಉಳಿದಾಗ ಅದನ್ನು ಬಿಸಾಡಿ, ಆಲಿವ್ ಎಣ್ಣೆ ಸುರಿದು ಉಪ್ಪು ಉದುರಿಸುತ್ತಿದ್ದಳು. ಮೇಲೆ ಟ್ಯೂನಾ ಮೀನು ಹಾಕುವುದು ಅಲ್ಲಿಯ ರೂಢಿ. ನಮ್ಮ ಮುಖ ನೋಡಿದರೆ ಸಾಕು, ಮೀನಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಆಲಿವ್ ಕಾಯಿ ಹೆಚ್ಚು ಹಾಕುವಷ್ಟು ಪರಿಚಯವಾಗಿತ್ತು. ಬಿಸಿ ಜೋಳದ ರೊಟ್ಟಿಗೆ ಹಸಿ ಕುಸುಬಿ ಎಣ್ಣೆ ಹನಿಸಿ ಖಾರ ಹಚ್ಚಿಕೊಂಡ ಹಾಗೆಯೇ ಇದೆ ಎಂದು ನನ್ನ ಹೆಂಡತಿ ಮೊದಲ ತುತ್ತಿಗೇ ತೀರ್ಪು ಕೊಟ್ಟಳು. ಅಲ್ಲಿಯ ಫ್ತೀರಾ ಎಂಬ ಚಪ್ಪಟೆ ರೊಟ್ಟಿ 2020ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಖಾನಾವಳಿಗಳ ತಾಯಂದಿರಿಗೆ ಈ ವರ್ತಮಾನ ತಲುಪಬೇಕು.

ಈಸ್ಟರ್ ಕಳೆದು ಎರಡು ವಾರಕ್ಕೆ ಫ್ಲೊರಿಯಾನಾದಲ್ಲಿ ಸಂತ ಪಬ್ಲಿಯಸ್‌ನ ಹಬ್ಬ ಬರುತ್ತದೆ. ಬೀದಿ ತುಂಬ ಪತಾಕೆ, ಬ್ಯಾಂಡು, ಮದ್ದುಗುಂಡಿನ ಸದ್ದು, ಕಡಲೆಬೀಜ, ಎಳ್ಳುಗಳ ಮಿಠಾಯಿಯ ಅಂಗಡಿಗಳು. ನಮ್ಮ ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವುದನ್ನು ಕಂಡ ಮಕ್ಕಳು ಅಲ್ಲಿ ಕಿವಿ ಮುಚ್ಚಿಕೊಳ್ಳಲಿಲ್ಲ. ಆ ಹಬ್ಬವನ್ನು ಯಾರೂ ಪ್ರವಾಸಿಗರಿಗಾಗಿ ಮಾಡುತ್ತಿರಲಿಲ್ಲ. ಊರವರು ತಮಗಾಗಿ ಮಾಡಿಕೊಂಡಿದ್ದರು, ಪರವೂರಿನವರಿಗೆ ನಿಲ್ಲಲು ಜಾಗ ಬಿಟ್ಟಿದ್ದರು, ಅಷ್ಟೇ. ನನ್ನ ಮಾತಿನ ತಿರುಳು ಇದೇ. ಹೊರಗಿನಿಂದ ಬಂದ ಕುಟುಂಬವನ್ನು ಒಂದೂರು ಹಿಡಿದಿಟ್ಟುಕೊಳ್ಳುವುದು ಟಿಕೆಟ್ ಇರುವ ಜಾಗಗಳಿಂದಲ್ಲ, ಆ ಜಾಗಗಳ ನಡುವೆ ಟಿಕೆಟ್ ಇಲ್ಲದೆ ಕಳೆಯಬಹುದಾದ ಹೊತ್ತಿನಿಂದ.

ವಿಜಯಪುರದಲ್ಲಿ ಆ ಹೊತ್ತು ಎಲ್ಲಿದೆ? ಬೆಳಿಗ್ಗೆ ಸೊಲ್ಲಾಪುರದ ಕಡೆಯಿಂದ ಬಂದವರು ಗೋಳಗುಮ್ಮಟ ಹತ್ತಿ ಇಳಿದು, ಬಾರಾಕಮಾನನ್ನು ಗಾಡಿಯ ಕಿಟಕಿಯಿಂದಲೇ ನೋಡಿ, ಇಬ್ರಾಹಿಂ ರೋಜಾದ ಮುಂದೆ ಫೋಟೊ ತೆಗೆಸಿಕೊಂಡು, ಊಟ ಮುಗಿಸಿ ಬಾದಾಮಿಯ ದಾರಿ ಹಿಡಿಯುತ್ತಾರೆ. ನಮ್ಮ ಮನೆಗೆ ಬಂದ ಬೀಗರನ್ನೂ ನಾನು ಹೀಗೆಯೇ ತಿರುಗಿಸಿ ಕಳುಹಿಸಿದ್ದುಂಟು. ಸಂಜೆ ಬಿಸಿಲು ಇಳಿದು ಕಲ್ಲು ತಣ್ಣಗಾಗುವ ವೇಳೆಗೆ, ಅಂದರೆ ಊರು ನಿಜಕ್ಕೂ ಚೆಂದ ಕಾಣುವ ವೇಳೆಗೆ, ಸ್ಮಾರಕಗಳ ಬಾಗಿಲು ಮುಚ್ಚಿರುತ್ತದೆ, ಹೊರಗೆ ಕೂರಲು ಕಟ್ಟೆಯೂ ಇರುವುದಿಲ್ಲ.

ಮಾಲ್ಟಾವನ್ನು ಹೊಗಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಎಲ್ಲೆಂದರಲ್ಲಿ ಕಟ್ಟಡಗಳ ಕ್ರೇನುಗಳು, ಕಾರುಗಳ ದಟ್ಟಣೆ, ಕೊಮಿನೊದ ನೀಲಿ ಕೊಲ್ಲಿಯಲ್ಲಿ ಕಾಲಿಡಲೂ ಆಗದಷ್ಟು ಜನ. 2025ರಿಂದ ಅಲ್ಲಿಗೆ ಮುಂಚಿತವಾಗಿ ಹೆಸರು ನೋಂದಾಯಿಸಿಕೊಂಡೇ ಹೋಗಬೇಕಾಗಿದೆ. ಹಾಲ್ ಸಫ್ಲಿಯೇನಿ ಎಂಬ ನೆಲದಡಿಯ ಪ್ರಾಚೀನ ಸಮಾಧಿಗೆ ದಿನಕ್ಕೆ 80 ಜನರನ್ನಷ್ಟೇ ಬಿಡುತ್ತಾರೆ. ಉಸಿರಿನ ತೇವಕ್ಕೂ ಕಲ್ಲು ಕೆಡುತ್ತದೆಂಬ ಎಚ್ಚರ ಅದು. ಪ್ರವಾಸಿಗರು ಹೆಚ್ಚಬೇಕೆಂದು ಹಂಬಲಿಸುವ ನಾವು ಈ ಮಗ್ಗುಲನ್ನೂ ನೋಡಿಕೊಳ್ಳಬೇಕು.

ಆದ್ದರಿಂದ ಸಂಬಂಧಪಟ್ಟವರಲ್ಲಿ ದೊಡ್ಡ ಯೋಜನೆಯನ್ನೇನೂ ಕೇಳುತ್ತಿಲ್ಲ. ರೈಲು ನಿಲ್ದಾಣದಿಂದ ಹೊರಟು ಗೋಳಗುಮ್ಮಟ, ಜುಮ್ಮಾ ಮಸೀದಿ, ತಾಜ್ ಬಾವಡಿಗಳ ಮೇಲೆ ಹಾಯ್ದು ಇಬ್ರಾಹಿಂ ರೋಜಾ ಮುಟ್ಟಿ ಮರಳುವ ಒಂದು ನಗರ ಬಸ್ಸು, ದಿನವಿಡೀ ಹತ್ತಿ ಇಳಿಯಲು ಒಂದೇ ಚೀಟಿ, ಮತ್ತು ಆ ದಾರಿಯಲ್ಲಿ ಟಾಂಗಾದವರ ಹೊಟ್ಟೆಪಾಡಿಗೆ ಅಡ್ಡಿಯಾಗದ ಏರ್ಪಾಡು ಬೇಕು. ಬಾವಡಿಯ ಸುತ್ತ ಬೇವಿನ ಮರಗಳಡಿ ಕಲ್ಲಿನ ಕಟ್ಟೆ, ಕುಡಿಯುವ ನೀರು, ಬೀಗ ಹಾಕಿರದ ಶೌಚಾಲಯ ಬೇಕು. ಸಂಜೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಗುಮ್ಮಟದ ಮುಂದಿನ ರಸ್ತೆಯಲ್ಲಿ ಒಲೆ ಹೂಡಲು ಜಾಗ ಕೊಡಬೇಕು. ದಸರಾ ರಜೆಗೆ ಈ ಬಾರಿ ಮಗಳ ಮಕ್ಕಳು ಮಾಲ್ಟಾದಿಂದ ಇಲ್ಲಿಗೇ ಬರುವವರಿದ್ದಾರೆ, ಕಟ್ಟೆಯ ಕೆಲಸವಾದರೂ ಅಷ್ಟರೊಳಗೆ ಆರಂಭವಾಗಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪನ್ಯಾಸಕ, ವಿಜಯಪುರ